ಕೇಳಲು ನಾಚಿಕೆಯೇಕೆ?

ಕಳೆದ ಬೇಸಿಗೆ ರಜೆಯಲ್ಲಿ ಉಮ್ಮನನ್ನು ಕರೆದುಕೊಂಡು ದುಬೈಯಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಹಾನುಬಾಳಿನ ಕಾಫಿ ತೋಟಗಳ ನಡುವೆಯೇ ಆಯುಷ್ಯ ಕಳೆದ ಉಮ್ಮನಿಗೆ ಅದು ಮೊದಲ ವಿಮಾನ ಪ್ರಯಾಣ. ಊರಿಗೆ ಹೊರಡುವ ಮುನ್ನಾದಿನ ತಮ್ಮ ನಮ್ಮನ್ನು ದೊಡ್ಡ ಹೋಟೆಲೊಂದಕ್ಕೆ ಊಟಕ್ಕೆ ಕರೆದೊಯ್ದ. ಅಲ್ಲಿ ಫಿಲಿಪ್ಪೀನ್ಸ್ ಶೈಲಿಯ ಅಡುಗೆ ಸಿಗುತ್ತದೆ, ಅವನ ಕಚೇರಿಯ ಫಿಲಿಪ್ಪೀನ್ಸ್ ಗೆಳೆಯರು ಬಹಳ ಹೊಗಳಿದ್ದರಂತೆ.

ಮೆನು ಕೈಗೆ ಬಂತು. ತಮ್ಮನ ಮಗಳು ಚಿತ್ರ ನೋಡಿ ‘ಸಿಸಿಗ್’ ಬೇಕೆಂದಳು. “ಅದು ಯಾವುದರ ಮಾಂಸ, ಕೇಳು ಮಗಾ” ಎಂದರು ಉಮ್ಮ. ಅಕ್ಕಪಕ್ಕದ ಮೇಜಿನವರು ನೋಡುತ್ತಾರೆಂದು ನನಗೆ ಮುಜುಗರ. “ಇದು ಅರಬ್ ದೇಶ ಉಮ್ಮ, ಇಲ್ಲಿ ಎಲ್ಲವೂ ಹಲಾಲ್. ಸುಮ್ಮನಿರಿ” ಎಂದೆ. ಉಮ್ಮ ಸುಮ್ಮನಿರಲಿಲ್ಲ. ಬಡಿಸುವ ಹುಡುಗಿಯನ್ನು ಕರೆದು ತಮ್ಮ ಹರಕು ಹಿಂದಿಯಲ್ಲೇ ಕೇಳಿದರು. ತಮ್ಮ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಆಕೆ ಪುಟದ ಮೂಲೆಯಲ್ಲಿದ್ದ ಸಣ್ಣ ಗುರುತನ್ನು ತೋರಿಸಿ, “ಇದು ಹಂದಿ ಮಾಂಸ, ನಿಮಗಲ್ಲ” ಎಂದಳು.

ಮದ್ರಸದಲ್ಲಿ ಮಕ್ಕಳಿಗೆ ಹಲಾಲ್, ಹರಾಮ್‌ನ ಪಾಠ ಹೇಳುವ ನಾನು ತಲೆ ತಗ್ಗಿಸಿದೆ. ದುಬೈಯಲ್ಲಿ ಪರವಾನಗಿ ಪಡೆದ ಹೋಟೆಲುಗಳು ಮುಸ್ಲಿಮೇತರರಿಗಾಗಿ ಹಂದಿ ಮಾಂಸವನ್ನೂ ಮದ್ಯವನ್ನೂ ಕೊಡಬಹುದು. ಹಂದಿ ಮಾಂಸದ ಖಾದ್ಯಕ್ಕೆ ಗುರುತು ಹಾಕಿರುತ್ತಾರೆ. ಆದರೆ ಆ ಗುರುತನ್ನು ನೋಡಬೇಕಾದವರು ನಾವೇ.

ಫಿಲಿಪ್ಪೀನ್ಸನ್ನು 1565ರಿಂದ 1898ರವರೆಗೆ ಸ್ಪೇನ್ ಆಳಿತು. ಅಲ್ಲಿ ಬಹುಸಂಖ್ಯಾತರು ಕ್ರೈಸ್ತರು, ಹಬ್ಬದೂಟವೆಂದರೆ ಇಡಿಯಾಗಿ ಸುಟ್ಟ ಹಂದಿ. ಆದರೆ ಬಡಿಸುವ ಹುಡುಗಿ ದಕ್ಷಿಣದ ಮಿಂದನಾವೊ ದ್ವೀಪದವಳು. ತಾನು ಕ್ರೈಸ್ತಳಾದರೂ ನೆರೆಮನೆಯವರು ಮುಸ್ಲಿಮರೆಂದಳು. ಸ್ಪೇನಿನವರು ಬರುವ ಮೊದಲೇ ಆ ಭಾಗಕ್ಕೆ ಇಸ್ಲಾಮ್ ತಲುಪಿತ್ತು. 2020ರ ಜನಗಣತಿಯ ಪ್ರಕಾರ ದೇಶದ ಜನರಲ್ಲಿ ಸುಮಾರು ಶೇ. 6ರಷ್ಟು ಮುಸ್ಲಿಮರು. ಅವರ ‘ತಿಯುಲಾ ಇತುಮ್’ ಎಂಬ ಗೋಮಾಂಸದ ಸಾರಿಗೆ ಸುಟ್ಟ ತೆಂಗಿನಕಾಯಿಯನ್ನು ಅರೆದು ಹಾಕುತ್ತಾರೆ, ಸಾರು ಕಪ್ಪಗಾಗುತ್ತದೆ. “ನಾವು ಹುರಿಯುತ್ತೇವೆ, ಅವರು ಸುಡುತ್ತಾರೆ” ಎಂದು ಉಮ್ಮ ನಕ್ಕರು.

ಆಕೆ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದಳು. ಕೋಳಿ ಹಲಾಲ್, ಬಾಣಲೆ ಬೇರೆ, ಮದ್ಯ ಬೆರೆಸಿಲ್ಲ ಎಂದು ತಿಳಿದ ಮೇಲೆ ‘ಅದೊಬೊ’ ತರಿಸಿದೆವು. ಸಿರ್ಕಾ, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಬೇಯಿಸಿದ ಕೋಳಿ. ಬಿಸಿ ಅನ್ನದ ಜೊತೆ ಮೊದಲ ತುತ್ತಿಗೇ ಉಮ್ಮ, “ನಮ್ಮ ತೋಟದ ಮೆಣಸಿನಷ್ಟು ಖಾರವಿಲ್ಲ” ಎಂದು ತೀರ್ಪು ಕೊಟ್ಟರು! ಸಿರ್ಕಾ ನಮಗೂ ಹೊಸದಲ್ಲ. ಪ್ರವಾದಿ(ಸ)ಯವರು ಅದನ್ನು ಒಳ್ಳೆಯ ವ್ಯಂಜನವೆಂದು ಮೆಚ್ಚಿದ್ದರು. ಆಮೇಲೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ತಿಂಡಿ ಬಂತು. ಹೆಸರು ‘ಪುಟೊ’. ಉಮ್ಮನಿಗೆ ನಮ್ಮ ಪುಟ್ಟು ನೆನಪಾಯಿತು.

ಕೊನೆಗೆ ‘ಹಾಲೊ-ಹಾಲೊ’. ತುರಿದ ಮಂಜುಗಡ್ಡೆ, ಹಾಲು, ಸಿಹಿ ಕಾಳು, ನೇರಳೆ ಬಣ್ಣದ ಗೆಣಸು, ಜೆಲ್ಲಿ, ಎಲ್ಲ ಕಲಸಿ ತಿನ್ನುವುದು. ಈ ಬಾರಿ ನಾನೇ ಕೇಳಿದೆ. ಜೆಲ್ಲಿಯನ್ನು ಕಡಲಪಾಚಿಯಿಂದಲೂ ಮಾಡುತ್ತಾರೆ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್‌ನಿಂದಲೂ ಮಾಡುತ್ತಾರೆ. ಇದು ಕಡಲಪಾಚಿಯದೆಂದು ಗೊತ್ತಾದ ಮೇಲೆ ತಮ್ಮನ ಮಗಳು ಬಟ್ಟಲು ಖಾಲಿ ಮಾಡಿದಳು.

ಸಹೋದರಿಯರೇ, ಇದು ದುಬೈಯ ಮಾತು ಮಾತ್ರವಲ್ಲ. ಈಗ ನಮ್ಮ ಸಕಲೇಶಪುರದ ಸುತ್ತಲೂ ರೆಸಾರ್ಟ್, ಹೋಮ್‌ಸ್ಟೇಗಳು ತುಂಬಿವೆ. ಮದುವೆ ವಾರ್ಷಿಕೋತ್ಸವ, ಸ್ನೇಹಕೂಟ ಎಂದು ನಾವೂ ಹೋಗುತ್ತೇವೆ. ಕೇಳಿದರೆ ಹಳ್ಳಿಯವರೆಂದು ತಿಳಿಯುತ್ತಾರೋ ಏನೋ ಎಂಬ ಹಿಂಜರಿಕೆಯಿಂದ ಬಾಯಿ ಮುಚ್ಚಿ ತಿನ್ನುತ್ತೇವೆ, ಇಲ್ಲವೇ ಏನನ್ನೂ ತಿನ್ನದೆ ಏಳುತ್ತೇವೆ. ಎರಡೂ ಬೇಡ. ಮಾಂಸ ಯಾವುದು, ಜಬಹ್ ಮಾಡಿದ್ದೇ, ಎಣ್ಣೆ ಮತ್ತು ಬಾಣಲೆ ಬೇರೆಯೇ, ಸಾಸ್‌ನಲ್ಲಿ ಮದ್ಯವಿದೆಯೇ, ಜೆಲ್ಲಿ ಯಾವುದರದು? ಇಷ್ಟನ್ನು ನಗುಮೊಗದಿಂದ ಕೇಳಿ. ಹಣ ಕೊಟ್ಟು ಉಣ್ಣುವವರಿಗೆ ತಿಳಿಯುವ ಹಕ್ಕಿದೆ. ಉತ್ತರ ಸಿಗದಿದ್ದರೆ ಮೀನು, ತರಕಾರಿ ಇದ್ದೇ ಇವೆ.

ಹಿಂತಿರುಗುವಾಗ ಕಾರಿನಲ್ಲಿ ಉಮ್ಮ, “ನೀನು ಅಷ್ಟೊಂದು ಓದಿದವಳು, ಕೇಳಲು ಯಾಕೆ ಹೆದರಿದೆ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಬಿ.ಎ. ಓದಿದ ನಾನು ಶಾಲೆಯ ಮೆಟ್ಟಿಲು ಹತ್ತದ ಉಮ್ಮನಿಂದ ಅಂದು ಪಾಠ ಕಲಿತೆ.