ಬಟವಾಡೆಯ ದಿನವೂ ಪ್ರಾರ್ಥನೆಯ ದಿನವೇ

ಕಾಫಿಯ ಬೆಲೆ ನೆಲಕಚ್ಚಿದ 2001–02ರ ದಿನಗಳನ್ನು ಮಲೆನಾಡಿನ ಬೆಳೆಗಾರರು ಮರೆತಿಲ್ಲ. ಸಾಲದ ಕಂತು ಕಟ್ಟಲಾಗದೆ, ತೋಟದ ಕೆಲಸ ನಿಲ್ಲಿಸಲೂ ಆಗದೆ ತತ್ತರಿಸಿದ ಆ ಕಾಲದಲ್ಲಿ ನಮ್ಮ ಮಲ್ಲಂದೂರು ಸೀಮೆಯಲ್ಲಿ ಎಲ್ಲ ಧರ್ಮದವರ ಹರಕೆಗಳೂ ಹೆಚ್ಚಿದ್ದವು. 2024–25ರ ಹಂಗಾಮಿನಲ್ಲಿ ಅದೇ ಕಾಫಿ ದಾಖಲೆಯ ಬೆಲೆ ಕಂಡಿತು. ಹಾಗಾದರೆ ಅಂದಿನ ಪ್ರಾರ್ಥನೆ ವಿಫಲವಾಯಿತು, ಇಂದಿನದು ಫಲಿಸಿತು ಎನ್ನೋಣವೇ? ಅಂದಿನ ಕುಸಿತಕ್ಕೆ ಬ್ರೆಜಿಲ್, ವಿಯೆಟ್ನಾಂಗಳ ಅತಿ ಉತ್ಪಾದನೆ ಕಾರಣವಾದರೆ, ಇಂದಿನ ಏರಿಕೆಗೆ ಅದೇ ದೇಶಗಳನ್ನು ಕಾಡಿದ ಬರವೇ ಮುಖ್ಯ ಕಾರಣ. ಅಲ್ಲಿನ ರೈತನ ಕಣ್ಣೀರನ್ನು ನಮಗೆ ದೊರೆತ ವರವೆಂದು ಭಾವಿಸುವ ಭಕ್ತಿ ಎಂಥದು?

ಕಥೋಲಿಕ ಶ್ರದ್ಧೆಯಲ್ಲಿ ಬೆಳೆದ ನನಗೆ ಈ ಪ್ರಶ್ನೆ ಬಹುಕಾಲದಿಂದ ಎದುರಾಗಿದೆ. ಬೇಡುವುದು ತಪ್ಪಲ್ಲ, ದಿನದ ಅನ್ನವನ್ನು ಬೇಡಲು ಯೇಸುವೇ ಶಿಷ್ಯರಿಗೆ ಕಲಿಸಿದರು. ಆದರೆ ಬೇಡಿಕೆಯಲ್ಲೇ ನಿಂತ ಪ್ರಾರ್ಥನೆ ವ್ಯಾಪಾರವಾಗುತ್ತದೆ, ಬೆಲೆ ಏರಿದ ಮರುದಿನ ಅದು ಮೌನವಾಗುತ್ತದೆ. ಆಧ್ಯಾತ್ಮಿಕ ಬೆಳವಣಿಗೆ ಎಂಬುದು ಆರಂಭವಾಗುವುದು ಈ ವ್ಯಾಪಾರ ಮುಗಿದ ಮೇಲೆ.

ಘಟ್ಟದ ಕೆಳಗಿನಿಂದ ಕಾಫಿ ಸೀಮೆಗೆ ಕೆಲಸ ಅರಸಿ ಬಂದ ಕೊಂಕಣಿ ಕ್ರೈಸ್ತ ಕುಟುಂಬಗಳು ತಮ್ಮೊಡನೆ ತಂದ ಆಸ್ತಿ ಅಲ್ಪ. ಅದರಲ್ಲಿ ಜಪಸರವೂ ಒಂದು. ಚರ್ಚು ಮೈಲುಗಟ್ಟಲೆ ದೂರ, ಮಳೆಗಾಲದಲ್ಲಿ ಹಳ್ಳ ದಾಟುವುದೇ ಕಷ್ಟ. ಪಾದ್ರಿಗಳು ಬರುವುದು ಅಪರೂಪ. ಇಂಥಲ್ಲಿ ಲೈನ್ ಮನೆಯೇ ಗುಡಿಯಾಯಿತು. ಮುಸ್ಸಂಜೆಗೆ ‘ಆಮೊರಿ’, ಬಳಿಕ ‘ತೇರ್ಸ್’ ಎಂದು ಕೊಂಕಣಿಯಲ್ಲಿ ಕರೆಯುವ ಜಪಸರ, ಕೊನೆಗೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’, ಅಂದರೆ ಆಶೀರ್ವಾದ, ಬೇಡುವುದು. ಮುನಿದು ಕುಳಿತ ಮಗನೂ ಅಪ್ಪನ ಮುಂದೆ ಕೈಮುಗಿಯಲೇಬೇಕು. ಸಿಟ್ಟಾಗಿದ್ದ ಅಪ್ಪನೂ ಹರಸಲೇಬೇಕು. ದಿನದ ಜಗಳ ಮರುದಿನಕ್ಕೆ ಉಳಿಯದಂತೆ ನೋಡಿಕೊಂಡ ಈ ನೇಮಕ್ಕೆ ಯಾವ ದೇವಶಾಸ್ತ್ರದ ಗ್ರಂಥವೂ ಬೇಕಾಗಿರಲಿಲ್ಲ.

ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡದ್ದು 1963ರ ನವೆಂಬರಿನಲ್ಲಿ. ಅದರ ಮರುತಿಂಗಳೇ, ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನಾ ವಿಧಿಗಳ ಕುರಿತ ತನ್ನ ಶಾಸನವನ್ನು ಪ್ರಕಟಿಸಿ, ಲ್ಯಾಟಿನ್ ಜೊತೆಗೆ ಜನಭಾಷೆಗಳಿಗೂ ಪೂಜಾಪೀಠದ ಬಾಗಿಲು ತೆರೆಯಿತು. ಮರುವರ್ಷ ಅದೇ ಮಹಾಸಭೆ, ಪಾವಿತ್ರ್ಯದ ಕರೆ ಸನ್ಯಾಸಿಗಳಿಗಷ್ಟೇ ಅಲ್ಲ, ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಇದೆ ಎಂದು ಸಾರಿತು. ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದು ಕರೆಯಿತು. ನಮ್ಮ ಲೈನ್ ಮನೆಗಳು ಆ ವೇಳೆಗಾಗಲೇ ಅದನ್ನು ಬದುಕಿ ತೋರಿಸಿದ್ದವು.

ಈ ವಿಚಾರ ಪರಂಪರೆಗೂ ಹೊಸದಲ್ಲ. ಹದಿನಾರನೆಯ ಶತಮಾನದ ಆವಿಲಾದ ಸಂತ ತೆರೇಸಾ, ಅಡುಗೆಮನೆಯ ಪಾತ್ರೆಗಳ ನಡುವೆಯೂ ಪ್ರಭುವನ್ನು ಕಾಣಬಹುದೆಂದು ತಮ್ಮ ಮಠದ ಸೋದರಿಯರಿಗೆ ತಿಳಿಹೇಳಿದ್ದರು. ಮುಂದಿನ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಸೋದರ ಲಾರೆನ್ಸ್ ಅಡುಗೆಯ ಗದ್ದಲದಲ್ಲೂ ದೇವರ ಸಾನ್ನಿಧ್ಯವನ್ನು ಅನುಭವಿಸುವುದನ್ನೇ ಸಾಧನೆಯಾಗಿಸಿಕೊಂಡರು. ಇಪ್ಪತ್ತನಾಲ್ಕರ ಹರೆಯದಲ್ಲೇ 1897ರಲ್ಲಿ ತೀರಿಕೊಂಡ ಲಿಸಿಯೊದ ತೆರೇಸಾ ಪ್ರಾರ್ಥನೆಯ ವೇಳೆ ತೂಕಡಿಸುತ್ತಿದ್ದುದನ್ನು ಮುಚ್ಚಿಡಲಿಲ್ಲ; ನಿದ್ರಿಸುವ ಮಕ್ಕಳೂ ತಂದೆತಾಯಿಗೆ ಪ್ರಿಯರೇ ಅಲ್ಲವೇ ಎಂದು ಸಮಾಧಾನ ತಂದುಕೊಂಡರು. ಇಡೀ ದಿನ ಹಣ್ಣು ಕೊಯ್ದು ಬಂದು, ಮೂರನೆಯ ರಹಸ್ಯದ ಹೊತ್ತಿಗೆ ಗೋಡೆಗೊರಗಿ ಕಣ್ಣುಮುಚ್ಚುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಅಭಯ ಬೇಕೆ? ಕಾಯಕದ ಕಲ್ಪನೆಯನ್ನು ಹನ್ನೆರಡನೆಯ ಶತಮಾನದಲ್ಲೇ ಲೋಕಕ್ಕೆ ಕೊಟ್ಟ ನಾಡಿಗೆ ಈ ಮಾತು ಅಪರಿಚಿತವೂ ಅಲ್ಲ.

ಆದರೆ ನೇಮಕ್ಕೂ ತನ್ನದೇ ಅಪಾಯವಿದೆ. ನಾಲಿಗೆ ಜಪಿಸುತ್ತಿರುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಕೆಲವೊಮ್ಮೆ ತಿಂಗಳುಗಟ್ಟಲೆ ಒಳಗೇನೂ ಕದಲುವುದಿಲ್ಲ. ಅಂಥ ಹೊತ್ತಿನಲ್ಲಿ ರೋಮಾಂಚನ ಹುಡುಕಿ ಅಬ್ಬರದ ಸಭೆಗಳತ್ತ ಓಡುವವರನ್ನು ಕಾಣುತ್ತೇವೆ. ಕೋಲ್ಕತ್ತದ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಆಕೆ ದಶಕಗಳ ಕಾಲ ಒಳಗಿನ ಕತ್ತಲಲ್ಲೇ ನಡೆದಿದ್ದರೆಂಬುದು ತಿಳಿದು ಅನೇಕರು ಬೆಚ್ಚಿದರು. ನನಗಾದರೋ ಅದು ಧೈರ್ಯ ತಂದಿತು. ದೇವರ ಸ್ಪರ್ಶವೇ ಇಲ್ಲವೆನಿಸಿದಾಗಲೂ ಆಕೆ ಬೆಳಿಗ್ಗೆ ಎದ್ದು ಪ್ರಾರ್ಥಿಸಿದರು, ಬೀದಿಯಲ್ಲಿ ಬಿದ್ದವರನ್ನು ಎತ್ತಿದರು. ಮಾರ್ಚ್‌ನಲ್ಲಿ ಹೂಮಳೆಗಾಗಿ ಆಕಾಶ ನೋಡುತ್ತಾ ಕೂರುವ ಬೆಳೆಗಾರ, ಮಳೆ ಬರಲಿಲ್ಲವೆಂದು ಗಿಡ ಕಿತ್ತೆಸೆಯುವುದಿಲ್ಲ. ತಪಸ್ಸುಕಾಲವೂ ಅದೇ ದಿನಗಳಲ್ಲಿ ಬರುವುದನ್ನು ನಾನು ಅರ್ಥಪೂರ್ಣ ಹೊಂದಾಣಿಕೆಯೆಂದೇ ತಿಳಿದಿದ್ದೇನೆ.

ಬೆಳವಣಿಗೆಯನ್ನು ಅಳೆಯುವುದು ಹೇಗೆ? ಭಾವದ ಉಬ್ಬರದಿಂದಲ್ಲ. ಬಲಿಪೀಠಕ್ಕೆ ಕಾಣಿಕೆ ತರುವ ಮುನ್ನ ಮುನಿದ ಸೋದರನೊಡನೆ ರಾಜಿಯಾಗಿ ಬಾ ಎಂಬುದು ಯೇಸುವಿನ ಬೋಧೆ. ಕೊಯ್ಲು ಮಾಡಿದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆ ಎಂದು ಯಕೋಬನ ಪತ್ರ ಎಚ್ಚರಿಸುತ್ತದೆ. ತೋಟದ ಮಾಲೀಕನಾದ ಕ್ರೈಸ್ತನಿಗೆ ಇದು ಸಾಂಕೇತಿಕ ಮಾತಲ್ಲ. ಶನಿವಾರದ ಬಟವಾಡೆಯಲ್ಲಿ ತಕ್ಕಡಿ ಸರಿಯಿದೆಯೇ? ಬೆಲೆ ಕುಸಿದಾಗ ಕೂಲಿಯವರ ಬೆನ್ನಿಗೆ ಹೊರಿಸಿದ ಭಾರವನ್ನು ಬೆಲೆ ಏರಿದಾಗ ಇಳಿಸಿದ್ದೇವೆಯೇ? ಇಂದು ನಮ್ಮ ಗುಡ್ಡಗಳಲ್ಲಿ ಹಣ್ಣು ಕೊಯ್ಯುವವರಲ್ಲಿ ಅಸ್ಸಾಮಿನಿಂದ, ಜಾರ್ಖಂಡದಿಂದ ಬಂದವರಿದ್ದಾರೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ಒಂದು ಕಾಲಕ್ಕೆ ನಮ್ಮ ಅಜ್ಜಂದಿರು ಗಂಟುಮೂಟೆ ಹೊತ್ತು ಬಂದಂತೆಯೇ ಅವರೂ ಬಂದಿದ್ದಾರೆ. ಅವರ ಲೈನ್ ಮನೆಯ ಸೂರು ಸೋರುತ್ತಿರುವಾಗ ನಮ್ಮ ಹಜಾರದ ಜಪಸರ ಎಷ್ಟು ಎತ್ತರಕ್ಕೆ ಏರೀತು?

ಸಂತ ಇಗ್ನೇಷಿಯಸ್ ಲೊಯೊಲಾ ಕಲಿಸಿದ ಆತ್ಮಶೋಧನೆ ಇಲ್ಲಿ ನೆರವಿಗೆ ಬರುತ್ತದೆ. ಮಲಗುವ ಮುನ್ನ ಕೆಲವೇ ನಿಮಿಷ. ದಿನಕ್ಕಾಗಿ ಕೃತಜ್ಞತೆ, ನಡೆದುದರ ಅವಲೋಕನ, ಎಡವಿದುದಕ್ಕೆ ಕ್ಷಮಾಯಾಚನೆ, ನಾಳೆಗೊಂದು ಸಂಕಲ್ಪ. ಕಾಫಿ ಗಿಡದಲ್ಲಿ ಬೇಡದ ಚಿಗುರು ವರ್ಷವರ್ಷವೂ ಏಳುತ್ತದೆ, ವರ್ಷವರ್ಷವೂ ತೆಗೆಯಬೇಕು. ಒಮ್ಮೆ ತೆಗೆದರೆ ಮುಗಿಯಿತೆಂದು ಯಾವ ರೈಟರೂ ಲೆಕ್ಕ ಬರೆಯುವುದಿಲ್ಲ.

ಮನೆಯ ಮಕ್ಕಳು ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋಗಿರುವ ಈ ದಿನಗಳಲ್ಲಿ ಸಂಜೆಯ ಜಪಸರಕ್ಕೆ ಕೂರುವವರು ಇಬ್ಬರೋ ಮೂವರೋ. ಇದನ್ನು ನೆನೆದು ಹಲುಬುವವರು ನಮ್ಮಲ್ಲಿ ಅನೇಕರು. ಆದರೆ 2020ರ ಲಾಕ್‌ಡೌನಿನಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ಶ್ರದ್ಧೆ ಉಳಿದದ್ದು ಇಂಥ ಮನೆಗಳಲ್ಲೇ. ಮಕ್ಕಳು ಹಳೆಯ ಕೊಂಕಣಿ ಪದಗಳನ್ನು ಮರೆತಾರು. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪ್ರಾರ್ಥಿಸಿಯಾರು. ಅದರಿಂದ ನಷ್ಟವಿಲ್ಲವೆನ್ನಲಾರೆ. ಆದರೂ ಪ್ರಾರ್ಥನೆ ಮುಗಿಸಿ ಎದ್ದವರು ತಮ್ಮ ಕೈಕೆಳಗಿನವರ ಕೂಲಿಯನ್ನು ನ್ಯಾಯವಾಗಿ ಕೊಟ್ಟರೆ, ಮುನಿದವರ ಮನೆಯ ಬಾಗಿಲು ತಟ್ಟಿದರೆ, ಅಜ್ಜಂದಿರು ಹೊತ್ತು ತಂದ ಆ ಅಲ್ಪ ಆಸ್ತಿ ಕರಗಿಲ್ಲವೆಂದೇ ಅರ್ಥ.