ರಸಮಟ್ಟದ ಗುಳ್ಳೆಯನ್ನು ಎಷ್ಟು ನಂಬಬೇಕು?

ತೆರೆದು ಬಿಟ್ಟ ಬಾಗಿಲು ತಾನಾಗಿಯೇ ಮೆಲ್ಲಗೆ ಮುಚ್ಚಿಕೊಳ್ಳುವ ಮನೆಗಳಿವೆ. ಗಾಳಿಯಿಲ್ಲ, ಯಾರೂ ಮುಟ್ಟಿಲ್ಲ. ಹಿಂಜು ಬಡಿದ ಕಡೆಯ ದಾರಂದ ತೂಕಕ್ಕೆ, ಅಂದರೆ ನೆಟ್ಟಗೆ, ನಿಂತಿಲ್ಲ, ಅಷ್ಟೇ. ಒಂದು ದಿನದ ಆ ತಪ್ಪಿಗೆ ಮನೆಯವರು ವರ್ಷಗಟ್ಟಲೆ ಬಾಗಿಲಿಗೆ ಇಟ್ಟಿಗೆ ಅಡ್ಡ ಇಡುತ್ತಾರೆ.

ಹಾಗಾದರೆ ಬಡಗಿಯ ರಸಮಟ್ಟ ಎಷ್ಟು ಕರಾರುವಾಕ್ಕಾಗಿರಬೇಕು? ಮೀಟರಿಗೆ ಅರ್ಧ ಮಿ.ಮೀ. ತಪ್ಪುವ ಮಟ್ಟ ಸಾಕು. ಒಳ್ಳೆಯ ಮಟ್ಟಗಳ ಮೇಲೆ ಈ ಅಳತೆಯೇ ಅಚ್ಚಾಗಿರುತ್ತದೆ. ಏಳಡಿ ದಾರಂದಕ್ಕೆ, ಅಂದರೆ ಸುಮಾರು 2.1 ಮೀಟರಿಗೆ, ಅದು ಒಂದು ಮಿ.ಮೀ. ಆಯಿತು. ಬಾಗಿಲಿನ ಸುತ್ತ ಬಿಡುವ ಸಂದೇ 2-3 ಮಿ.ಮೀ. ಇರುವಾಗ ಅದು ಅಲ್ಲೇ ಅಡಗುತ್ತದೆ. ಮರವೂ ಸುಮ್ಮನಿರುವುದಿಲ್ಲ, ಒಂದಡಿ ಅಗಲದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಒಂದೆರಡು ಮಿ.ಮೀ. ಹಿಗ್ಗಿ ಕುಗ್ಗಬಹುದು.

ಲೇತ್ ಕೂರಿಸುವವರ ಬಳಿ ಮೀಟರಿಗೆ 0.02 ಮಿ.ಮೀ. ಓಲನ್ನೂ ತೋರಿಸುವ ಮಟ್ಟವಿರುತ್ತದೆ. ಅದನ್ನು ಮರದ ಮೇಲಿಟ್ಟರೆ ಗುಳ್ಳೆ ನಡುವಿಗೆ ಬಂದು ನಿಲ್ಲುವುದೇ ಕಷ್ಟ. ಕಾರಣ ಗುಳ್ಳೆಯಿರುವ ಕೊಳವೆಯ ಬಾಗು. ನೇರವಾಗಿ ಕಾಣುವ ಆ ಕೊಳವೆಯ ಒಳಮೈ ದೊಡ್ಡದೊಂದು ವೃತ್ತದ ತುಣುಕು. ವೃತ್ತದ ತ್ರಿಜ್ಯ 2 ಮೀಟರ್ ಆಗಿದ್ದರೆ, ಮೀಟರಿಗೆ 1 ಮಿ.ಮೀ. ಓಲಿದಾಗ ಗುಳ್ಳೆ 2 ಮಿ.ಮೀ. ಸರಿಯುತ್ತದೆ. ತ್ರಿಜ್ಯ 20 ಮೀಟರ್ ಆದರೆ ಅಷ್ಟೇ ಓಲಿಗೆ 20 ಮಿ.ಮೀ. ಓಡಿಬಿಡುತ್ತದೆ. 1660ರ ದಶಕದಲ್ಲಿ ಫ್ರಾನ್ಸಿನ ಮೆಲ್ಶಿಸೆಡೆಕ್ ತೆವೆನೊ ಗುಳ್ಳೆಯ ಈ ಮಟ್ಟವನ್ನು ರೂಪಿಸಿದ. ನಮ್ಮ ಹೆಸರಿನಲ್ಲಿ ರಸವಿದ್ದರೂ ಒಳಗಿರುವುದು ಪಾದರಸವಲ್ಲ, ಸಾಮಾನ್ಯವಾಗಿ ಬಣ್ಣ ಬೆರೆಸಿದ ಮದ್ಯಸಾರ. ನೀರಿನಂತೆ ಅದು ಚಳಿಗೆ ಹೆಪ್ಪುಗಟ್ಟುವುದಿಲ್ಲ.

ಅಚ್ಚಾದ ಅಂಕಿಗಿಂತ ಉದ್ದ ದೊಡ್ಡದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದಾರಂದಕ್ಕೆ ಒಂದಡಿ ಮಟ್ಟ ಹಿಡಿದಿದ್ದೀರಿ, ಅದರ ಒಂದು ತುದಿಯ ಕೆಳಗೆ ಅರ್ಧ ಮಿ.ಮೀ. ದಪ್ಪದ ಮರದ ಹೊಟ್ಟು ಸಿಕ್ಕಿಕೊಂಡಿದೆ ಎನ್ನಿ. ಗುಳ್ಳೆಯನ್ನು ನಂಬಿ ನಿಲ್ಲಿಸಿದರೆ ಏಳಡಿಯಲ್ಲಿ ಮೂರೂವರೆ ಮಿ.ಮೀ. ವಾಲಿರುತ್ತದೆ. ಅದೇ ಹೊಟ್ಟು ನಾಲ್ಕಡಿ ಮಟ್ಟದಡಿ ಸಿಕ್ಕರೆ ವಾಲುವುದು ಒಂದು ಮಿ.ಮೀ.ಗೂ ಕಡಿಮೆ. ದಾರಂದವೇ ನಡುವೆ ಉಬ್ಬಿದ್ದರಂತೂ ಗಿಡ್ಡ ಮಟ್ಟ ಒಂದೊಂದು ಕಡೆ ಒಂದೊಂದು ಮಾತು ಹೇಳುತ್ತದೆ.

ಬೆಲೆ ಏನೇ ಇರಲಿ, ಅಂಗಡಿಯಲ್ಲೇ ಒಮ್ಮೆ ತಿರುಗಿಸಿ ನೋಡಿ. ಮಟ್ಟವನ್ನು ಗೋಡೆಗೆ ಅಡ್ಡಲಾಗಿ ಹಿಡಿದು, ಗುಳ್ಳೆ ನಡುವಿಗೆ ಬಂದಾಗ ಪೆನ್ಸಿಲಿನಲ್ಲಿ ಗೀಟೆಳೆಯಿರಿ. ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿ, ಅದೇ ಗೀಟಿನ ಒಂದು ತುದಿಯಿಂದ ಇನ್ನೊಂದು ಎಳೆಯಿರಿ. ಒಂದರ ಮೇಲೊಂದು ಕೂತರೆ ಮಟ್ಟ ಸರಿಯಿದೆ. ಮೀಟರ್ ದೂರದಲ್ಲಿ 1 ಮಿ.ಮೀ. ಅಗಲಿದರೆ ಮಟ್ಟದ ತಪ್ಪು ಅದರರ್ಧ, ಏಕೆಂದರೆ ತಿರುಗಿಸಿದಾಗ ಅದೇ ತಪ್ಪು ಎದುರು ದಿಕ್ಕಿಗೆ ಬೀಳುತ್ತದೆ. ಮೂರು ಮಿ.ಮೀ. ಅಗಲಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ತೂಕ ನೋಡುವ ಕೊಳವೆ ಬೇರೆಯೇ ಆದ್ದರಿಂದ ಅದಕ್ಕೆ ಬೇರೆ ಪರೀಕ್ಷೆ ಬೇಕು. ಮನೆಯ ತೊಲೆಯಿಂದ ತೂಗುಗುಂಡು ಇಳಿಬಿಟ್ಟು, ಅದು ಅಲುಗಾಡುವುದು ನಿಂತ ಮೇಲೆ ದಾರದ ಪಕ್ಕ ಮಟ್ಟ ಹಿಡಿಯಿರಿ. ಫ್ಯಾನು ಆಫ್ ಮಾಡಿರಬೇಕು.