ಪುತ್ತೂರಿನಲ್ಲಿ ಒಂದು ರಾತ್ರಿ ತಂಗಬಾರದೇ?

ಕುಕ್ಕೆಗೆ ಹೊರಟ ಯಾತ್ರಿಕರಿಗೂ ಮಡಿಕೇರಿಗೆ ಧಾವಿಸುವ ಪ್ರವಾಸಿಗರಿಗೂ ಪುತ್ತೂರು ಎಂದರೆ ಕಾಫಿಗೆಂದು ಇಳಿಯುವ ಊರು, ಅಷ್ಟೆ. ಸುಳ್ಯ, ಕಡಬಗಳ ಪಾಡೂ ಬೇರೆಯಲ್ಲ. ದೇಗುಲ, ಜಲಪಾತ, ಕಡಲತೀರಗಳ ಪಟ್ಟಿಗೆ ಒಗ್ಗಿಹೋದ ನಮಗೆ ಪೇಟೆಯೊಂದನ್ನು ನೋಡಲೆಂದೇ ಹೋಗಿ ತಂಗಬಹುದು ಎಂಬುದು ಹೊಳೆಯುವುದೇ ಇಲ್ಲ.

ಇಂಗ್ಲೆಂಡಿನ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಪುಟ್ಟ ಊರಿನ ಹೆಸರಿನಲ್ಲಿರುವ ಮೊದಲ ಪದಕ್ಕೆ ಸಂತೆ ಎಂದೇ ಅರ್ಥ. ಬೆಣ್ಣೆ, ಗಿಣ್ಣು, ಕೋಳಿ ಮಾರುವವರ ನೆರಳಿಗಾಗಿ 1627ರಲ್ಲಿ ಕಟ್ಟಿದ ಕಲ್ಲಿನ ಚಾವಡಿಯನ್ನು ಅಲ್ಲಿ ಇಂದಿಗೂ ಜೋಪಾನ ಮಾಡಿದ್ದಾರೆ. ಜನ ಅದನ್ನು ನೋಡಲು ದೂರದಿಂದ ಬರುತ್ತಾರೆ, ತಂಗುತ್ತಾರೆ. ರಾಜರಲ್ಲ, ವ್ಯಾಪಾರಿಗಳೂ ರೈತರೂ ಕಟ್ಟಿದ ಇತಿಹಾಸಕ್ಕೆ ಸಂದ ಗೌರವವದು.

ಅಂಥ ಇತಿಹಾಸ ಪುತ್ತೂರಿಗೆ ಕಡಿಮೆಯೇನಿಲ್ಲ. ಸೋಮವಾರ ಕಿಲ್ಲೆ ಮೈದಾನದ ಸಂತೆಗೆ ಹೋದವರು ತುಳು, ಕನ್ನಡ, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳಗಳನ್ನು ಒಂದೇ ಸುತ್ತಿನಲ್ಲಿ ಕೇಳಬಹುದು. ಸುಳ್ಯದ ಕಡೆಯವರಿದ್ದರೆ ಅರೆಭಾಷೆಯನ್ನೂ. ಅಡಿಕೆಯ ಬೆಲೆಕುಸಿತದಿಂದ ಕಂಗಾಲಾದ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಕಟ್ಟಿಕೊಂಡರು. ಕೊಕ್ಕೋ ಕೊಳ್ಳುವವರಿಲ್ಲದೆ ಕಂಗೆಟ್ಟ ಮೇಲೆ ಅದೇ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಪೇಟೆಯ ಬದಿಯ ಪರ್ಲಡ್ಕದಲ್ಲಿ ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಬಾಲವನವಿದೆ. ಏಪ್ರಿಲ್ 10ರಿಂದ ಆರಂಭವಾಗುವ ಮಹಾಲಿಂಗೇಶ್ವರನ ಜಾತ್ರೆಯಂತೂ ಸೀಮೆಯ ಜನರನ್ನೆಲ್ಲ ಒಂದುಗೂಡಿಸುತ್ತದೆ.

ಇಲ್ಲಿಂದ ಹೆದ್ದಾರಿ ಹಿಡಿದು ಸಾಗಿದರೆ ಸುಳ್ಯ. 1837ರಲ್ಲಿ ಈ ಸೀಮೆಯ ರೈತರು ಬ್ರಿಟಿಷರ ವಿರುದ್ಧ ದಂಗೆಯೆದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಮಂಗಳೂರಿನವರೆಗೂ ನಡೆದರು. ಕಂದಾಯವನ್ನು ಹಣದಲ್ಲೇ ಕಟ್ಟಬೇಕೆಂಬ ಒತ್ತಾಯ ಆ ಸಿಟ್ಟಿಗೆ ಒಂದು ಕಾರಣ. ಬೆಳೆ, ಬೆಲೆ, ತೆರಿಗೆಗಳ ಕಥೆಯೇ ಇಲ್ಲಿ ಚರಿತ್ರೆಯಾಗಿದೆ. ಸುಬ್ರಹ್ಮಣ್ಯವನ್ನು ಮಡಿಲಲ್ಲಿಟ್ಟುಕೊಂಡ ಕಡಬದ ಕಾಡುತೋಟಗಳತ್ತ ತಿರುಗಿದರೆ ಕಾರಂತರ ‘ಬೆಟ್ಟದ ಜೀವ’ ನೆನಪಾಗುತ್ತದೆ. ದಾರಿ ತಪ್ಪಿದ ಪಯಣಿಗನೊಬ್ಬ ತೋಟದ ಮನೆಯಲ್ಲಿ ಅತಿಥಿಯಾಗಿ ಉಳಿದದ್ದರಿಂದಲೇ ಆ ಕಾದಂಬರಿ ಹುಟ್ಟಿಕೊಳ್ಳುತ್ತದೆ. ಹಾದುಹೋಗುವವನಿಗೆ ರಸ್ತೆ ಕಾಣುತ್ತದೆ. ಉಳಿದವನಿಗೆ ಮಾತ್ರ ಮನುಷ್ಯರು ಕಾಣುತ್ತಾರೆ.

ಭಾನುವಾರ ಸಂಜೆ ಕಬಕ-ಪುತ್ತೂರು ನಿಲ್ದಾಣದಲ್ಲಿ ಇಳಿದು, ಮರುದಿನ ಸಂತೆ ಸುತ್ತಿ, ಬಾಲವನ ನೋಡಿ, ಮಂಗಳವಾರ ಸುಳ್ಯ-ಕಡಬಗಳತ್ತ ಹೊರಡಲು ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಬೇಕಿರುವುದು ಶುಚಿಯಾದ ವಸತಿ, ಹಳೆಯ ಪೇಟೆಯ ಚರಿತ್ರೆ ಹೇಳುವ ನಾಲ್ಕು ಫಲಕಗಳು, ಕಾಲ್ನಡಿಗೆಯವರಿಗೆ ನಡೆಯಲು ಜಾಗ. ತೋಟದ ಮನೆಯ ಒಂದು ಕೋಣೆ ಅತಿಥಿಗೆ ತೆರೆದರೆ ಅಡಿಕೆಯ ಬೆಲೆ ಇಳಿದ ವರ್ಷ ಆ ಮನೆಗೂ ಒಂದು ಆಸರೆ.

ಅಪಾಯವಿರುವುದು ಬೇರೆಡೆ. ಹೆಂಚಿನ ಮಾಡಿನ ಅಂಗಡಿಯೊಂದು ಉರುಳಿ ವಾಣಿಜ್ಯ ಸಂಕೀರ್ಣ ಎದ್ದಾಗ ಯಾರೂ ಪ್ರತಿಭಟಿಸುವುದಿಲ್ಲ. ಅದು ಕೋಟೆಯಲ್ಲ, ಅರಮನೆಯಲ್ಲ; ಯಾವ ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲೂ ಅದರ ಹೆಸರಿಲ್ಲ. ಊರವರೇ ಬೆಲೆ ಕಟ್ಟದ ಪೇಟೆಯನ್ನು ಹೊರಗಿನವರು ಬಂದು ಮೆಚ್ಚಲಿ ಎಂದು ಹಾರೈಸುವುದು ಹೇಗೆ? ಪ್ರವಾಸಿಗರನ್ನು ಕರೆಯುವ ಮೊದಲು ಪುತ್ತೂರಿನವರೇ ಒಂದು ಸೋಮವಾರ ತಮ್ಮ ಸಂತೆಯನ್ನು ಅತಿಥಿಗಳಂತೆ ಸುತ್ತಿ ಬರುವುದು ಒಳ್ಳೆಯದು.